ಕಾರ್ಡು ಹಂಚಿದರೆ ಸಾಲದು, ಮನೆಗೆ ಹೋಗಿ ಕರೆಯಬೇಕು: ಓಪನ್ ಸೋರ್ಸ್ ಸಮ್ಮೇಳನಕ್ಕೆ ಟಾಕ್ ಕೂಡಿಸುವ, ಆರಿಸುವ ಕೆಲಸ

ನಮ್ಮ ಕಡೆ ಮದುವೆಗೆ ಕರೆಯುವವರು ಕಾರ್ಡು ಕಳಿಸಿ ಸುಮ್ಮನಾಗುವುದಿಲ್ಲ. ಮನೆಗೆ ಬರುತ್ತಾರೆ. ಕುಂಕುಮ ಹಚ್ಚಿ, ಅಕ್ಷತೆ ಕೈಗಿಟ್ಟು, "ಮನಿ ಮಂದಿ ಎಲ್ಲಾ ಬರಬೇಕ್ರಿ" ಎನ್ನುತ್ತಾರೆ. ಬರೀ ಕಾರ್ಡು ಬಂದರೆ ನಮ್ಮ ಅವ್ವ ಇವತ್ತಿಗೂ "ಅವರು ಕರೆದಿಲ್ಲ" ಎಂದೇ ಹೇಳುತ್ತಾಳೆ.

ಹುಬ್ಬಳ್ಳಿಯಲ್ಲಿ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶದ) ಸಮ್ಮೇಳನ ಮಾಡಲು ಹೊರಟ ಮೊದಲ ವರ್ಷ ನಾವು ಬರೀ ಕಾರ್ಡು ಹಂಚಿದೆವು. ಒಂದು ಫಾರ್ಮ್ ಮಾಡಿ, ಅದರ ಲಿಂಕನ್ನು ಸಿಕ್ಕ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಕಳಿಸಿ ಕಾದೆವು. 19 ಪ್ರಪೋಸಲ್, ಅಂದರೆ "ಇಂಥದ್ದರ ಬಗ್ಗೆ ಟಾಕ್ ಕೊಡುತ್ತೇನೆ" ಎಂಬ ಬರಹ, ಬಂದವು. ಹುಬ್ಬಳ್ಳಿ-ಧಾರವಾಡದಿಂದ ಮೂರು. ಹಾವೇರಿಯಿಂದ ಒಂದು. ಗದಗದಿಂದ ಒಂದೂ ಇಲ್ಲ. ಉಳಿದವೆಲ್ಲ ಬೆಂಗಳೂರು, ಪುಣೆಯವು. ಹಾವೇರಿಯ ಆ ಒಂದರ ಕಥೆಯನ್ನು ಆಮೇಲೆ ಹೇಳುತ್ತೇನೆ.

ಕೇಶ್ವಾಪುರದ ಒಂದು ಸಣ್ಣ ಆಫೀಸಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ದಿನದ ಕೆಲಸ. ಸಮ್ಮೇಳನದ ಟಾಕ್ ಸಮಿತಿಯಲ್ಲಿ ಈಗ ಮೂರು ವರ್ಷದಿಂದ ಇದ್ದೇನೆ. ದೊಡ್ಡ ಸಮ್ಮೇಳನಗಳಿಗೆ ಪ್ರಪೋಸಲ್ ತಾವಾಗಿಯೇ ಬರುತ್ತವೆ. ಬ್ರಸೆಲ್ಸ್‌ನ ಓಪನ್ ಸೋರ್ಸ್ ಸಮ್ಮೇಳನ ಫಾಸ್ಡೆಮ್ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ನಡೆಯುತ್ತಿದೆ, ಪೈಥಾನ್ ಭಾಷೆಯವರ ಪೈಕಾನ್ ಇಂಡಿಯಾ 2009ರಿಂದ. ಅವರಿಗೆ ಯಾರನ್ನು ಬಿಡುವುದು ಎಂಬ ಕಷ್ಟ. ನಮ್ಮಂಥ ಊರಿನವರಿಗೆ ಮೊದಲು ಕರೆಯುವ ಕಷ್ಟ. ಹಾಗಾಗಿ ಈ ಬರಹದಲ್ಲೂ ಕರೆಯುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಕ್ಯಾಲೆಂಡರ್

ಸಮ್ಮೇಳನದ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ನಮ್ಮದು ಫೆಬ್ರವರಿಯ ಎರಡನೇ ಶನಿವಾರ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹೊರಗಿನಿಂದ ಬರುವವರಿಗೆ ಶುಕ್ರವಾರ ರಾತ್ರಿಯ ರೈಲಿನಲ್ಲಿ ಬರ್ತ್ ಸಿಗಬೇಕು ಅಂದರೆ, ಆ 60 ದಿನ ಶುರುವಾಗುವ ಮುಂಚೆಯೇ ನಮ್ಮ "ಆಯ್ಕೆಯಾಗಿದೆ" ಪತ್ರ ಅವರ ಕೈಯಲ್ಲಿರಬೇಕು. ಅಂದರೆ ಡಿಸೆಂಬರ್ ಮೊದಲ ವಾರ. ರಿವ್ಯೂಗೆ ಮೂರು ವಾರ ಬೇಕು. ಹಾಗಾಗಿ ನವೆಂಬರ್ ಮಧ್ಯಕ್ಕೆ ಫಾರ್ಮ್ ಮುಚ್ಚಬೇಕು. ಆರು ವಾರ ತೆರೆದಿರಬೇಕು. ಹಾಗಾದರೆ ಅಕ್ಟೋಬರ್ 1ಕ್ಕೆ ತೆರೆಯಬೇಕು. ಮನೆಮನೆಗೆ ಹೋಗಿ ಕರೆಯುವ ಕೆಲಸ ಮಾತ್ರ ಸೆಪ್ಟೆಂಬರ್‌ನಲ್ಲೇ, ಗಣಪತಿ ಹಬ್ಬ ಮುಗಿದ ಕೂಡಲೇ, ಶುರುವಾಗಬೇಕು.

ಕೊನೆಯ ದಿನಾಂಕ ದೀಪಾವಳಿ ವಾರದಲ್ಲಿ ಬೀಳದಂತೆ ನೋಡಿಕೊಳ್ಳಿ. ಕೊನೆಯ ಎರಡು ದಿನಗಳಲ್ಲಿ ಪ್ರಪೋಸಲ್‌ಗಳ ದೊಡ್ಡ ಹೊಳೆಯೇ ಬರುತ್ತದೆ. ಅಲ್ಲಿಯವರೆಗೆ ಖಾಲಿ ಪಟ್ಟಿ ನೋಡಿ ಗಾಬರಿಯಾಗಬೇಡಿ. ಗಾಬರಿಯಿಂದ ದಿನಾಂಕ ಮುಂದೂಡಲೂ ಬೇಡಿ. ಹೇಳಿದ ದಿನಕ್ಕೆ ರಾತ್ರಿಯೆಲ್ಲ ಕೂತು ಬರೆದವರಿಗೆ ಅದು ಮಾಡುವ ಅನ್ಯಾಯ ಎಂದು ನನ್ನ ಅನಿಸಿಕೆ.

ಯಾರ ಮನೆಗೆ ಹೋಗುವುದು

ಎರಡನೇ ವರ್ಷ ನಾನೊಂದು ನೋಟ್‌ಬುಕ್ ಇಟ್ಟೆ. ಓಪನ್ ಸೋರ್ಸ್ ತಂತ್ರಾಂಶದಿಂದ ಏನಾದರೂ ನಿಜವಾದ ಕೆಲಸ ಮಾಡುತ್ತಿರುವವರ ಬಗ್ಗೆ ಎಲ್ಲೇ ಕೇಳಿದರೂ ಅದರಲ್ಲಿ ಒಂದು ಸಾಲು. ಹೆಸರು, ಊರು, ಏನು ಮಾಡುತ್ತಾರೆ, ಯಾರ ಮೂಲಕ ಗೊತ್ತಾಯಿತು. ಅಷ್ಟೇ. ಮೂರು ತಿಂಗಳಲ್ಲಿ ಅದರಲ್ಲಿ 31 ಜನ ಆದರು. ಇವರಲ್ಲಿ ಹೆಚ್ಚಿನವರು ತಮ್ಮನ್ನು ತಾವು "ಓಪನ್ ಸೋರ್ಸ್‌ನವರು" ಎಂದು ಅಂದುಕೊಂಡೇ ಇರಲಿಲ್ಲ. ನಮ್ಮ ಫಾರ್ಮಿನ ಲಿಂಕ್ ಅವರ ಫೋನಿಗೆ ಬಂದಿದ್ದರೂ ಅದು ತಮಗಲ್ಲ ಎಂದು ಬಿಟ್ಟುಬಿಡುತ್ತಿದ್ದರು.

ಧಾರವಾಡದ ಒಂದು ಕಾಲೇಜಿನ ಲೈಬ್ರರಿಯನ್ ಅವರದ್ದೇ ಉದಾಹರಣೆ ಕೊಡುತ್ತೇನೆ. ಅವರ ಲೈಬ್ರರಿ ನಡೆಯುವುದು ಕೋಹಾ ಮೇಲೆ. ಕೋಹಾ ಅಂದರೆ ನ್ಯೂಜಿಲೆಂಡ್‌ನ ಒಂದು ಸಣ್ಣ ಊರಿನ ಲೈಬ್ರರಿಗಾಗಿ ಹುಟ್ಟಿ, 2000ದ ಜನವರಿಯಲ್ಲಿ ಕೆಲಸ ಶುರು ಮಾಡಿದ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಆ ಹೆಸರಿಗೆ ಕಾಣಿಕೆ ಎಂಬ ಅರ್ಥ. ನಮ್ಮ ಕಡೆಯ ಎಷ್ಟೋ ಕಾಲೇಜುಗಳಲ್ಲಿ ಇದು ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಆ ಲೈಬ್ರರಿಯನ್ ಕನ್ನಡ ಪುಸ್ತಕಗಳ ಹೆಸರನ್ನು ಕನ್ನಡದಲ್ಲೇ ಹುಡುಕಲು ಬರುವಂತೆ ಸಾವಿರಾರು ದಾಖಲೆಗಳನ್ನು ಸರಿಮಾಡಿದ್ದರು. ನಾನು ಟಾಕ್ ಕೊಡಿ ಎಂದಾಗ ಅವರ ಮೊದಲ ಮಾತು: "ನಾ ಏನ್ ಮಾತಾಡ್ಲಿ ರೀ? ನಾ ಪ್ರೋಗ್ರಾಮರ್ ಅಲ್ಲ." ಈ ಮಾತನ್ನು ನೀವು ಮತ್ತೆ ಮತ್ತೆ ಕೇಳುತ್ತೀರಿ. ಕೇಳಿದ ಕೂಡಲೇ ಖುಷಿಪಡಿ. ಸರಿಯಾದ ಮನೆಗೇ ಬಂದಿದ್ದೀರಿ.

ಗದಗವನ್ನು ಮುದ್ರಣ ಕಾಶಿ ಎನ್ನುತ್ತಾರೆ. ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಒಬ್ಬರು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫೈಲುಗಳನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಪದ್ಧತಿಗೆ ತಂದು, ಪೇಜ್‌ಮೇಕರ್ ಬಿಟ್ಟು ಸ್ಕ್ರೈಬಸ್ ಎಂಬ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಪುಟ ಕಟ್ಟಲು ಒದ್ದಾಡುತ್ತಿದ್ದಾರೆ ಎಂದು ಗೊತ್ತಾಯಿತು. ಒಂದು ಭಾನುವಾರ ರೈಲು ಹತ್ತಿ ಹೋದೆ. ಎರಡು ತಾಸು ಅವರ ಪಕ್ಕದಲ್ಲಿ ಕೂತು ನೋಡಿದೆ. ಆ ಎರಡು ತಾಸಿನಲ್ಲಿ ಒಂದಲ್ಲ, ಮೂರು ಟಾಕ್‌ಗೆ ಆಗುವಷ್ಟು ಸರಕು ಇತ್ತು.

ಹುಡುಕಲು ಇನ್ನೂ ಜಾಗಗಳಿವೆ. ಕೃಷಿ ವಿಶ್ವವಿದ್ಯಾಲಯದಲ್ಲಿ ನಕ್ಷೆ ಮಾಡಲು ಕ್ಯೂಜಿಐಎಸ್ ಬಳಸುವ ಸಂಶೋಧಕರು. ಕನ್ನಡ ವಿಕಿಪೀಡಿಯಾಕ್ಕೆ ಬರೆಯುವವರು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನಿಲ್ದಾಣಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಗೆ ಹಾಕುವ ಹುಡುಗರು. ಸರ್ಕಾರಿ ಶಾಲೆಯಲ್ಲಿ ಜಿಕಾಂಪ್ರಿ ಎಂಬ ಮಕ್ಕಳ ಕಲಿಕೆಯ ತಂತ್ರಾಂಶ ಹಾಕಿ ಮಕ್ಕಳಿಗೆ ಲೆಕ್ಕ ಕಲಿಸುವ ಮೇಷ್ಟ್ರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಲೆಕ್ಕವನ್ನು ಇಆರ್‌ಪಿನೆಕ್ಸ್ಟ್ ಎಂಬ ತಂತ್ರಾಂಶದಲ್ಲಿ ಇಡುವವರು. ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಆದರೆ ಅವರನ್ನಷ್ಟೇ ಕರೆದರೆ ಸಮ್ಮೇಳನ ಕಾಲೇಜಿನ ಫೆಸ್ಟ್ ಆಗುತ್ತದೆ.

ಕರೆಯುವ ಮಾತು ಹೇಗಿರಬೇಕು? "ನಿಮ್ಮ ಅನುಭವ ಹಂಚಿಕೊಳ್ಳಿ" ಎಂದರೆ ಯಾರಿಗೂ ಏನೂ ತೋಚುವುದಿಲ್ಲ. ಅವರು ಮಾಡಿದ ಒಂದು ಕೆಲಸವನ್ನು ಹೆಸರಿಟ್ಟು ಹೇಳಿ. ಅದರಲ್ಲಿ ಒಂದು ಪ್ರಶ್ನೆ ಆರಿಸಿ. ಸಮಯ ಹೇಳಿ. ಲೈಬ್ರರಿಯನ್‌ಗೆ ನಾನು ಬರೆದದ್ದು ಇಷ್ಟು: "ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಾಗ ಹುಡುಕಲು ಏನು ತೊಂದರೆ ಆಗುತ್ತಿತ್ತು, ನೀವು ಅದನ್ನು ಹೇಗೆ ಸರಿಮಾಡಿದಿರಿ, ಇದನ್ನು 20 ನಿಮಿಷ ಹೇಳಬಹುದಾ? ಕೇಳುವವರಲ್ಲಿ ಬೇರೆ ಕಾಲೇಜಿನ ಲೈಬ್ರರಿಯನ್‌ಗಳೂ ಇರುತ್ತಾರೆ. ಕನ್ನಡದಲ್ಲೇ ಮಾತಾಡಬಹುದು." ಮರುದಿನವೇ ಫೋನ್ ಬಂತು.

ಇಲ್ಲಿ ಒಂದು ಎಚ್ಚರ. ಕರೆಯುವುದು ಬೇರೆ, ಜಾಗ ಕೊಡುವುದು ಬೇರೆ. ಇದನ್ನು ಮೊದಲ ಮಾತಿನಲ್ಲೇ ಹೇಳಿಬಿಡಿ. "ನೀವು ಪ್ರಪೋಸಲ್ ಕಳಿಸಿ ಎಂದು ಕೇಳಲು ಬಂದಿದ್ದೇನೆ. ಆರಿಸುವುದು ಐದು ಜನ ಕೂಡಿ. ನನ್ನ ಒಬ್ಬಳ ಕೈಯಲ್ಲಿಲ್ಲ." ಮುಜುಗರವಾಗುತ್ತದೆ, ನಿಜ. ಆದರೆ ಮನೆಗೆ ಹೋಗಿ ಕರೆದು ಆಮೇಲೆ ಆಗಲ್ಲ ಎಂದರೆ ಅದು ಇನ್ನೂ ದೊಡ್ಡ ನೋವು. ಉದ್ಘಾಟನೆಯ ಮಾತಿನಂಥದ್ದಕ್ಕೆ ನೇರವಾಗಿ ಆಹ್ವಾನ ಕೊಡುವುದಿದ್ದರೆ ಆ ಜಾಗಗಳನ್ನು ಮೊದಲೇ ಎತ್ತಿಡಿ. ನಾವು ಎರಡೇ ಇಡುತ್ತೇವೆ.

ಹೆಂಗಸರನ್ನು ಕರೆಯುವಾಗ ಬೇಗ ಕರೆಯಿರಿ. ಕೊನೆಯ ವಾರದಲ್ಲಿ "ಹೆಂಗಸರು ಕಡಿಮೆ ಆಗಿದ್ದಾರೆ" ಎಂದು ಫೋನ್ ಮಾಡಿದರೆ ಯಾರಿಗೂ ಸಂತೋಷವಾಗುವುದಿಲ್ಲ. ನನಗೂ ಅಂಥ ಫೋನ್ ಬಂದಿವೆ. ಟಾಕ್ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಗದಗ ಅಥವಾ ಹಾವೇರಿಗೆ ಬೆಳಕಿರುವಾಗಲೇ ವಾಪಸ್ ಹೋಗಬಹುದಾ, ಸಣ್ಣ ಮಗುವನ್ನು ಕರೆತಂದರೆ ಕೂರಲು ಕೋಣೆ ಇದೆಯಾ, ಇವನ್ನು ಅವರು ಕೇಳುವ ಮುಂಚೆ ನೀವೇ ಹೇಳಿ.

ಕರೆಯ ಬರಹ, ಆಮೇಲೆ ಫಾರ್ಮ್

ಎಲ್ಲರಿಗೂ ಹಾಕುವ ಪ್ರಕಟಣೆಯೂ ಬೇಕು. ಅದರಲ್ಲಿ ಕೇಳುಗರು ಯಾರು ಎಂಬುದು ಮೊದಲ ಸಾಲಿನಲ್ಲೇ ಇರಲಿ. ನಮ್ಮಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳು, ಉಳಿದವರು ಕೆಲಸಗಾರರು, ಮೇಷ್ಟ್ರು. ಟಾಕ್ 20 ನಿಮಿಷ, ಪ್ರಶ್ನೆಗೆ 5. ಕಾರ್ಯಾಗಾರ 90 ನಿಮಿಷ. ಕನ್ನಡ, ಇಂಗ್ಲಿಷ್, ಎರಡೂ ಬೆರೆಸಿದ್ದು, ಎಲ್ಲವೂ ಸರಿ. ವೀಡಿಯೊವನ್ನು ಬೇರೆಯವರೂ ಹಂಚಲು ಬರುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಹಾಕುತ್ತೇವೆ, ಬೇಡ ಎನ್ನುವವರದ್ದನ್ನು ಹಾಕುವುದಿಲ್ಲ. ಪ್ರಯಾಣದ ಖರ್ಚು ಕೊಡುತ್ತೀರೋ ಇಲ್ಲವೋ, ಕೊಟ್ಟರೆ ಎಷ್ಟು, ಅದನ್ನು ಬಿಡಿಸಿ ಬರೆಯಿರಿ. "ಅಗತ್ಯವಿದ್ದವರು ಸಂಪರ್ಕಿಸಿ" ಎಂದರೆ ನಿಜವಾಗಿ ಅಗತ್ಯವಿದ್ದವರು ಸಂಕೋಚದಿಂದ ಕೇಳುವುದೇ ಇಲ್ಲ.

ಟಾಕ್ ಯಾವ ತಂತ್ರಾಂಶದ ಬಗ್ಗೆಯೋ ಅದರ ಲೈಸೆನ್ಸಿನ ಮಾತು ಬಹಳ ಮುಖ್ಯ. ಕನ್ನಡದಲ್ಲಿ ಉಚಿತ ಮತ್ತು ಮುಕ್ತ ಎಂದು ಎರಡು ಬೇರೆ ಪದಗಳಿರುವುದು ನಮ್ಮ ಭಾಗ್ಯ. ದುಡ್ಡು ಕೇಳದಿದ್ದರೆ ಉಚಿತ. ಸೋರ್ಸ್ ಕೋಡ್ ಸಿಗಬೇಕು, ತಿದ್ದಲು ಬರಬೇಕು, ತಿದ್ದಿದ್ದನ್ನು ಹಂಚಲು ಬರಬೇಕು, ಆಗ ಮುಕ್ತ. ನಮಗೆ ಬೇಕಾದದ್ದು ಎರಡನೆಯದು. ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆ ಒಪ್ಪಿದ ಲೈಸೆನ್ಸುಗಳ ಪಟ್ಟಿ ಇದೆ. ಪ್ರಾಜೆಕ್ಟಿನ ಲೈಸೆನ್ಸ್ ಫೈಲನ್ನು ತೆರೆದು ಅದರ ಜೊತೆ ಹೋಲಿಸಿ. ನೆನಪಿನ ಮೇಲೆ ನಂಬಬೇಡಿ, ಏಕೆಂದರೆ ಲೈಸೆನ್ಸ್ ಬದಲಾಗುತ್ತದೆ. ಸರ್ವರ್‌ಗಳನ್ನು ಸಜ್ಜುಮಾಡುವ ಟೆರಾಫಾರ್ಮ್ 2023ರ ಆಗಸ್ಟ್‌ನಲ್ಲಿ ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟಿತು, ಅದರ ಹಳೆಯ ಕೋಡಿನಿಂದ ಓಪನ್‌ಟೋಫು ಹುಟ್ಟಿತು. ರೆಡಿಸ್ ಎಂಬ ಡೇಟಾಬೇಸ್ 2024ರ ಮಾರ್ಚ್‌ನಲ್ಲಿ ಬಿಟ್ಟಿತು, 2025ರಲ್ಲಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಜೊತೆ ವಾಪಸ್ ಬಂತು. ನಡುವೆ ವಾಲ್ಕಿ ಎಂಬ ಕವಲು ಒಡೆದಿತ್ತು. ರಿವ್ಯೂ ಮಾಡುವ ದಿನ ಏನಿದೆಯೋ ಅದನ್ನೇ ನೋಡಬೇಕು.

ಫಾರ್ಮ್ ಸಣ್ಣದಿರಲಿ. ಹೆಸರು, ಟಾಕಿನ ಶೀರ್ಷಿಕೆ, ಕೇಳುಗರಿಗಾಗಿ ಒಂದು ಪ್ಯಾರಾ, ಸಮಿತಿಗಾಗಿ ಒಂದು ಪ್ಯಾರಾ, ಪ್ರಾಜೆಕ್ಟಿನ ಕೊಂಡಿ. ಈ ಎರಡು ಪ್ಯಾರಾಗಳನ್ನು ಬೇರೆ ಮಾಡಿದ ಮೇಲೆ ನಮಗೆ ತುಂಬಾ ಅನುಕೂಲವಾಯಿತು. ಮೊದಲನೆಯದು ವೇಳಾಪಟ್ಟಿಯಲ್ಲಿ ಅಚ್ಚಾಗುತ್ತದೆ. ಎರಡನೆಯದರಲ್ಲಿ ಮನಸ್ಸು ಬಿಚ್ಚಿ "ಡೆಮೊ ಇನ್ನೂ ಅರ್ಧ ಆಗಿದೆ", "ನಾನು ಹಿಂದೆ ಎಲ್ಲೂ ಮಾತಾಡಿಲ್ಲ" ಎಂದೆಲ್ಲ ಬರೆಯಬಹುದು. ಡಿಗ್ರಿ, ಕಂಪನಿ, ಫೋಟೊ ಇವನ್ನು ಈ ಹಂತದಲ್ಲಿ ಕೇಳಲೇಬೇಡಿ. ಕೇಳಿದರೆ ಓದುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಪ್ರಪೋಸಲ್ ಕೂಡಿಸಲು ನಾವು ಪ್ರಿಟಾಕ್ಸ್ ಎಂಬ ತಂತ್ರಾಂಶ ಬಳಸುತ್ತೇವೆ. ಅದೂ ಓಪನ್ ಸೋರ್ಸ್, ಪೈಥಾನ್ ಭಾಷೆಯಲ್ಲಿ ಬರೆದದ್ದು. ನಿಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ರಿವ್ಯೂ ಮಾಡುವವರಿಂದ ಸ್ಪೀಕರ್ ಹೆಸರು ಮುಚ್ಚಿಡಲು, ತಾನು ಬರೆಯುವ ಮುಂಚೆ ಬೇರೆಯವರ ರಿವ್ಯೂ ಕಾಣದಂತೆ ಮಾಡಲು, ಕೊನೆಗೆ ವೇಳಾಪಟ್ಟಿ ಕಟ್ಟಲು, ಎಲ್ಲಕ್ಕೂ ಅದರಲ್ಲಿ ದಾರಿ ಇದೆ. ಪ್ರಪೋಸಲ್ ಇಪ್ಪತ್ತರ ಒಳಗಿದ್ದರೆ ಲಿಬ್ರೆಆಫೀಸ್‌ನ ಒಂದು ಹಾಳೆಯೂ ಸಾಕು.

ಜೊತೆಗೆ ಕೂತು ಬರೆಯುವುದು

ಮೊದಲ ಸಲ ಬರೆಯುವವರಿಗೆ ಪ್ರಪೋಸಲ್ ಬರೆಯುವುದೇ ದೊಡ್ಡ ಬೆಟ್ಟ. ಬಾಯಲ್ಲಿ ಚೆಂದ ಹೇಳುತ್ತಾರೆ. ಬರೆಯಲು ಕೂತರೆ ಸರ್ಕಾರಿ ಸುತ್ತೋಲೆ ಆಗುತ್ತದೆ. ಇದಕ್ಕೆ ನಾವು ಅಕ್ಟೋಬರ್‌ನ ನಾಲ್ಕು ಶನಿವಾರ ಸಂಜೆ ವಿದ್ಯಾನಗರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೂರುತ್ತೇವೆ. ಗಿರ್ಮಿಟ್, ಚಹಾ ಇರುತ್ತದೆ. ಯಾರು ಬೇಕಾದರೂ ಬರಬಹುದು. ದೂರದವರಿಗೆ ಫೋನ್.

ಗದಗದ ಆ ಪ್ರೆಸ್ಸಿನವರು ಮೊದಲು ಬರೆದು ತಂದ ಶೀರ್ಷಿಕೆ "ಕನ್ನಡ ಮತ್ತು ತಂತ್ರಜ್ಞಾನ: ಅವಕಾಶಗಳು ಹಾಗೂ ಸವಾಲುಗಳು". ನಾನು ಅದನ್ನು ಪಕ್ಕಕ್ಕಿಟ್ಟು, "ನಿಮಗೆ ಜಾಸ್ತಿ ಕಾಟ ಕೊಟ್ಟ ಅಕ್ಷರ ಯಾವುದು?" ಎಂದು ಕೇಳಿದೆ. ಅವರು ತಡಮಾಡದೆ "ಅರ್ಕಾವತ್ತು" ಎಂದರು. ಆಮೇಲೆ ಹದಿನೈದು ನಿಮಿಷ ನಿಲ್ಲಿಸಲೇ ಇಲ್ಲ. ಹಳೆಯ ನುಡಿ ಫೈಲಿನಲ್ಲಿ "ಸೂರ್ಯ" ಎಂಬ ಪದದ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆಯೇ ಯ ಆದ ಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರ ಮೊದಲು, ಆಮೇಲೆ ಯ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ತಂದಿಡಬೇಕು. ತಪ್ಪಿದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟುತ್ತದೆ. "ರ‍್ಯಾಂಕ್" ಎಂಬ ಪದದಲ್ಲಿ ಇನ್ನೊಂದು ತೊಡಕು. ಅಲ್ಲಿ ಅರ್ಕಾವತ್ತು ಬರಬಾರದು, ರ ಪೂರ್ತಿ ನಿಂತು ಯ ಒತ್ತಾಗಬೇಕು. ಅದಕ್ಕೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಹಾಕಬೇಕು. ಹೀಗೆ ತಂದ ಪಠ್ಯವನ್ನು ಸ್ಕ್ರೈಬಸ್ 1.6ರಲ್ಲಿ ಹಾಕಿ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಲ್ಲಿ ಪುಟ ತೆಗೆದು ನೋಡಿದ್ದರು.

ಅವರು ಹೇಳಿದ್ದನ್ನೇ ಬರೆದುಕೊಂಡೆವು. ಹೊಸ ಶೀರ್ಷಿಕೆ: "ಅರ್ಕಾವತ್ತು ಎಲ್ಲಿ ಹೋಯಿತು? ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತಂದ ಒಂದು ಪ್ರೆಸ್ಸಿನ ಕಥೆ". ಎರಡೂ ಶೀರ್ಷಿಕೆ ಒಬ್ಬರವೇ, ಒಂದೇ ಕೆಲಸದ ಬಗ್ಗೆ. ಮೊದಲನೆಯದು ಅವರು ಕಳಿಸಿದ್ದರೆ ನಾವು ಖಂಡಿತ ಬಿಟ್ಟುಬಿಡುತ್ತಿದ್ದೆವು. ಅಂದರೆ ಕೆಟ್ಟ ಪ್ರಪೋಸಲ್ ಅಂದಕೂಡಲೇ ಕೆಟ್ಟ ಟಾಕ್ ಅಲ್ಲ.

ಇಂಥ ಸಂಜೆಗಳಲ್ಲಿ ನಾನು ಕೇಳುವ ಪ್ರಶ್ನೆಗಳು ಸುಲಭದವು. ಮೊದಲು ಏನು ಕೆಟ್ಟಿತು? ಏನು ಮಾಡಿ ನೋಡಿದಿರಿ? ಯಾವುದು ನಡೆಯಲಿಲ್ಲ? ಕೇಳಿದವರು ಸೋಮವಾರ ಕೆಲಸಕ್ಕೆ ಹೋಗಿ ಏನು ಮಾಡಬಹುದು? ಉತ್ತರವನ್ನು ಅವರ ಮಾತಲ್ಲೇ ಬರೆದರೆ ಪ್ರಪೋಸಲ್ ಆಯಿತು. ನೆನಪಿಡಿ, ಹೀಗೆ ಸಹಾಯ ಮಾಡಿದ ಪ್ರಪೋಸಲ್‌ಗೆ ನಾನು ಅಂಕ ಹಾಕುವುದಿಲ್ಲ. ಬೇರೆ ಮೂವರು ಹಾಕುತ್ತಾರೆ.

ರಿವ್ಯೂ

ಎರಡನೇ ವರ್ಷ 44 ಪ್ರಪೋಸಲ್ ಬಂದವು. ಜಾಗ ಇದ್ದದ್ದು 12. ಸಮಿತಿಯಲ್ಲಿ ಐದು ಜನ: ನಾನು, ಧಾರವಾಡದ ಒಬ್ಬ ಎಂಜಿನಿಯರಿಂಗ್ ಮೇಷ್ಟ್ರು, ಒಬ್ಬ ಡಿಸೈನರ್, ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ, ಹಾವೇರಿಯಲ್ಲಿ ಸೊಸೈಟಿಗಳಿಗೆ ತಂತ್ರಾಂಶ ಮಾಡಿಕೊಡುವವರೊಬ್ಬರು. ಪ್ರತಿ ಪ್ರಪೋಸಲ್ ಕನಿಷ್ಠ ಮೂವರು ಓದಬೇಕು. ಮೊದಲು ಒಬ್ಬೊಬ್ಬರೇ, ಮಾತಿಲ್ಲದೆ. ಮೊದಲೇ ಕೂಡಿ ಓದಿದರೆ ಗಟ್ಟಿ ದನಿಯವರ ಮಾತೇ ನಿಲ್ಲುತ್ತದೆ.

ನಾವು ಕೇಳಿಕೊಳ್ಳುವುದು ಮೂರು ಪ್ರಶ್ನೆ. ನಮ್ಮ ಕೇಳುಗರಲ್ಲಿ ಇದು ಯಾರಿಗೆ ಉಪಯೋಗ? ಹೇಳುವವರು ಇದನ್ನು ತಾವೇ ಮಾಡಿದ್ದಾರಾ? 20 ನಿಮಿಷಕ್ಕೆ ಹಿಡಿಸುತ್ತದಾ? ಒಂದೊಂದಕ್ಕೆ 0, 1, 2. ಒಟ್ಟು 6. ಹತ್ತರವರೆಗೆ ಅಂಕ ಇಟ್ಟಾಗ 6ಕ್ಕೂ 7ಕ್ಕೂ ಏನು ವ್ಯತ್ಯಾಸ ಎಂದು ಯಾರಿಗೂ ಹೇಳಲು ಬರಲಿಲ್ಲ. ಅಂಕದ ಜೊತೆ ಎರಡು ಸಾಲು ಬರೆಯಲೇಬೇಕು. ಆ ಎರಡು ಸಾಲು ಮುಂದೆ ಪತ್ರ ಬರೆಯುವಾಗ ಬಂಗಾರ.

ಒಂದೇ ಸಲ ಹತ್ತಕ್ಕಿಂತ ಜಾಸ್ತಿ ಓದಬೇಡಿ. ರಾತ್ರಿ ಹನ್ನೊಂದಕ್ಕೆ ಓದಿದ ಮೂವತ್ತನೆಯದಕ್ಕೆ ಯಾರಿಂದಲೂ ನ್ಯಾಯ ಸಿಗುವುದಿಲ್ಲ. ಎಲ್ಲರೂ ಒಂದನೇ ನಂಬರಿನಿಂದಲೇ ಶುರು ಮಾಡಿದರೆ ಕೊನೆಯವು ಎಲ್ಲರ ದಣಿದ ಕಣ್ಣಿಗೇ ಬೀಳುತ್ತವೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಅನುಕ್ರಮ ಕೊಡಿ.

ಮೊದಲ ಸುತ್ತಿನಲ್ಲಿ ಹೆಸರು ಮುಚ್ಚುತ್ತೇವೆ. ಹುಬ್ಬಳ್ಳಿ ಸಣ್ಣ ಊರು, ಕೆಲಸ ಓದಿದರೆ ಯಾರದ್ದು ಎಂದು ಎಷ್ಟೋ ಸಲ ಗೊತ್ತಾಗಿಬಿಡುತ್ತದೆ. ಆದರೂ ಮುಚ್ಚುವುದು ಒಳ್ಳೆಯದೇ. ಹೆಸರಾದ ಕಾಲೇಜು, ದೊಡ್ಡ ಕಂಪನಿ ಎಂಬ ಭಾರ ಓದುವವರ ತಲೆಯಿಂದ ಇಳಿಯುತ್ತದೆ. ಬರೆದವರು ತಮ್ಮ ಗೆಳೆಯರು, ಸಹೋದ್ಯೋಗಿಗಳು, ವಿದ್ಯಾರ್ಥಿಗಳು ಎಂದು ಗೊತ್ತಾದರೆ ಅಂಕ ಹಾಕದೆ ಬಿಡಬೇಕು. ಆ ಪ್ರಪೋಸಲ್ ಚರ್ಚೆಗೆ ಬಂದಾಗ ಕೋಣೆಯಿಂದ ಹೊರಗೆ ಹೋಗಬೇಕು. ನಮ್ಮ ಮೇಷ್ಟ್ರು ಒಂದೇ ಸಂಜೆ ಆರು ಸಲ ಎದ್ದು ಹೊರಗೆ ಹೋಗಿ ಬಂದರು. ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಸಮಿತಿಯವರೇ ಟಾಕ್ ಕೊಡಬಹುದಾ ಎಂಬುದನ್ನು ಫಾರ್ಮ್ ತೆರೆಯುವ ಮುಂಚೆ ತೀರ್ಮಾನಿಸಿ. ನಮ್ಮಲ್ಲಿ ಇಲ್ಲ.

ಆಮೇಲೆ ಎಲ್ಲರೂ ಕೂಡಿ ಕೂರುವ ದಿನ. ಸರಾಸರಿ ಅಂಕದ ಪಟ್ಟಿಯನ್ನು ಮೇಲಿನಿಂದ 12 ಕತ್ತರಿಸಿ ಎದ್ದು ಹೋಗುವುದು ಸುಲಭ. ಹಾಗೆ ಮಾಡಬೇಡಿ. ಮೂವರೂ 4 ಕೊಟ್ಟ ಟಾಕ್ ಯಾರಿಗೂ ಬೇಡವಾದದ್ದಲ್ಲ, ಯಾರಿಗೂ ಬೇಕೇಬೇಕು ಅನಿಸಿದ್ದೂ ಅಲ್ಲ. ಇಬ್ಬರು 6 ಕೊಟ್ಟು ಒಬ್ಬರು 0 ಕೊಟ್ಟರೂ ಸರಾಸರಿ 4 ಆಗುತ್ತದೆ. ಈ ಎರಡನೆಯದರ ಬಗ್ಗೆ ಮಾತಾಡಲೇಬೇಕು. ಕೋಹಾ ಟಾಕಿಗೆ ಆದದ್ದು ಇದೇ. ಮೇಷ್ಟ್ರು 0 ಕೊಟ್ಟಿದ್ದರು. "ಇದರಲ್ಲಿ ಕೋಡ್ ಎಲ್ಲಿದೆ?" ಎಂಬುದು ಅವರ ಪ್ರಶ್ನೆ. ಹಾವೇರಿಯವರು ಹೇಳಿದರು: "ಸರ್, ನಾನು ಹತ್ತು ವರ್ಷದಿಂದ ತಂತ್ರಾಂಶ ಮಾಡಿ ಕೊಡ್ತಿದ್ದೀನಿ. ಅದನ್ನ ದಿನಾ ಬಳಸುವವರು ಏನು ಅನುಭವಿಸ್ತಾರೆ ಅಂತ ಒಬ್ಬರೂ ನನ್ನ ಮುಂದೆ ನಿಂತು ಹೇಳಿಲ್ಲ." ಅರ್ಧ ತಾಸು ಮಾತಾಡಿದೆವು. ಕೊನೆಗೆ ಮೇಷ್ಟ್ರೇ "ತಗೊಳ್ಳೋಣ" ಎಂದರು. ಆ ಟಾಕಿಗೆ ಗದಗ, ಹಾವೇರಿಯಿಂದಲೂ ಲೈಬ್ರರಿಯನ್‌ಗಳು ಬಂದು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡರು.

ಎರಡು ಬಗೆಯ ಪ್ರಪೋಸಲ್ ಬಗ್ಗೆ ಬೇರೆಯಾಗಿ ಹೇಳಬೇಕು. ಒಂದು, ಮಾರಾಟದ್ದು. ಮೊದಲ ವರ್ಷ ನಾವು ಮೋಸ ಹೋದೆವು. ಪ್ರಪೋಸಲ್‌ನಲ್ಲಿ ಓಪನ್ ಸೋರ್ಸ್ ಎಂಬ ಪದ ಐದು ಸಲ ಇತ್ತು. ವೇದಿಕೆಯ ಮೇಲೆ ಬಂದದ್ದು ಒಂದು ಕಂಪನಿಯ ಬೆಲೆಪಟ್ಟಿ. ರಜೆ ದಿನ ಬಿಟ್ಟು ಬಂದು ಕೂತ ಇನ್ನೂರು ಜನರ ಮುಖ ನೋಡಲು ನನಗೆ ಆಗಲಿಲ್ಲ. ಈಗ ಅನುಮಾನ ಬಂದರೆ ಒಂದೇ ಪ್ರಶ್ನೆ ಬರೆದು ಕೇಳುತ್ತೇವೆ: "ನಾಳೆ ನಿಮ್ಮ ಕಂಪನಿ ಮುಚ್ಚಿತು ಅಂದುಕೊಳ್ಳಿ. ಈ ಟಾಕ್ ಕೇಳಿದವರ ಕೈಯಲ್ಲಿ ಏನು ಉಳಿಯುತ್ತದೆ?" ಒಳ್ಳೆಯ ಕಂಪನಿಯವರು ಇದಕ್ಕೆ ಚೆನ್ನಾಗಿಯೇ ಉತ್ತರ ಕೊಡುತ್ತಾರೆ. ಅವರ ಟಾಕನ್ನು ನಾವು ತೆಗೆದುಕೊಂಡೂ ಇದ್ದೇವೆ.

ಇನ್ನೊಂದು, ಎಐ ಬರೆದುಕೊಟ್ಟ ಪ್ರಪೋಸಲ್. ಈಗ ಇವು ಜಾಸ್ತಿ ಬರುತ್ತಿವೆ. ಎಐ ಬಳಸಿದರು ಎಂದು ತಳ್ಳಿಹಾಕುವುದು ಸರಿಯಲ್ಲ. ಇಂಗ್ಲಿಷ್ ಬಾರದ ಹುಡುಗಿಗೆ ಅದು ಊರುಗೋಲು. ಆದರೆ ಅದರಲ್ಲಿ ಕೆಲಸದ ಗುರುತು ಇರುವುದಿಲ್ಲ. ಯಾವ ಆವೃತ್ತಿ, ಯಾವ ಎರರ್, ಯಾವ ದಿನ ಬಿಟ್ಟುಕೊಟ್ಟಿರಿ, ಏನೂ ಇಲ್ಲ. ಅಂಥವರಿಗೆ "ಇದನ್ನು ಮಾಡುವಾಗ ಏನು ಕೆಟ್ಟಿತು? ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ" ಎಂದು ವಾಪಸ್ ಕೇಳುತ್ತೇವೆ. ಮಾಡಿದವರು ಹತ್ತು ಸಾಲು ಬರೆಯುತ್ತಾರೆ. ಮಾಡದವರಿಂದ ಉತ್ತರ ಬರುವುದಿಲ್ಲ.

ಕೊನೆಗೆ ಹೆಸರು ತೆರೆದು ಒಟ್ಟು ಪಟ್ಟಿ ನೋಡಿ. ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಕಲಿಸುವ ಎರಡು ಟಾಕ್ ಇದ್ದರೆ ಒಂದು ಸಾಕು. ಹನ್ನೆರಡರಲ್ಲಿ ಹತ್ತು ಒಂದೇ ಕಾಲೇಜಿನವಾದರೆ ಮತ್ತೆ ಯೋಚಿಸಿ. ಕಾಯುವ ಪಟ್ಟಿಯಲ್ಲಿ ಮೂವರನ್ನು ಇಟ್ಟುಕೊಳ್ಳಿ, ಅವರಿಗೂ ಅದನ್ನು ಹೇಳಿ.

ಬೇಡ ಎಂದು ಬರೆಯುವ ಪತ್ರ

ಮೊದಲ ವರ್ಷ ನಾವು ಆಯ್ಕೆಯಾದವರಿಗೆ ಮಾತ್ರ ಪತ್ರ ಕಳಿಸಿದೆವು. ಉಳಿದವರಿಗೆ ವೇಳಾಪಟ್ಟಿ ನೋಡಿದರೆ ಗೊತ್ತಾಗುತ್ತದೆ ಅಲ್ವಾ ಎಂದುಕೊಂಡೆವು. ಸಮ್ಮೇಳನ ಮುಗಿದ ಎರಡು ವಾರಕ್ಕೆ ಹುಬ್ಬಳ್ಳಿ ಹಳೇ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ನನ್ನ ಬ್ಯಾಗಿನ ಮೇಲಿನ ಸಮ್ಮೇಳನದ ಸ್ಟಿಕರ್ ನೋಡಿ ಹತ್ತಿರ ಬಂದ. ಹಾವೇರಿಯವನು. ಡಿಪ್ಲೊಮಾ ಓದುತ್ತಿದ್ದ. ಅವನು ಯಾಕೆ ಆರಿಸಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಅಕ್ಕಾರ, ನನ್ನ ಫಾರ್ಮ್ ನಿಮಗ ಮುಟ್ಟಿತ್ತೇನ್ರಿ?"

ಮುಟ್ಟಿತ್ತು. ಮೂವರು ಓದಿದ್ದೆವು. ಎರಡು ನಿಮಿಷ ಅದರ ಬಗ್ಗೆ ಮಾತಾಡಿಯೂ ಇದ್ದೆವು. ಅವನಿಗೆ ಮಾತ್ರ ಅದು ಗೊತ್ತೇ ಇರಲಿಲ್ಲ. ಎರಡು ತಿಂಗಳು ಅವನು ದಿನಾ ಮೇಲ್ ತೆರೆದು ನೋಡಿದ್ದ.

ಅಂದಿನಿಂದ ನಮ್ಮಲ್ಲಿ ಮೂರು ಪತ್ರ ಕಡ್ಡಾಯ. ಪ್ರಪೋಸಲ್ ಬಂದ ಕೂಡಲೇ "ಮುಟ್ಟಿದೆ, ಉತ್ತರ ಇಂಥ ದಿನ ಬರುತ್ತದೆ" ಎಂಬುದು. ಹೇಳಿದ ದಿನ ಹೌದು ಅಥವಾ ಇಲ್ಲ ಎಂಬುದು, ಎಲ್ಲರಿಗೂ ಒಂದೇ ದಿನ. ತಡವಾದರೆ ತಡವಾಗಿದೆ ಎಂಬುದು. ಇಲ್ಲ ಎಂಬ ಪತ್ರವನ್ನು ಯಂತ್ರಕ್ಕೆ ಬಿಡುವುದಿಲ್ಲ. 32 ಪತ್ರವನ್ನು ಐದು ಜನ ಹಂಚಿಕೊಂಡರೆ ಒಬ್ಬರಿಗೆ ಆರೋ ಏಳೋ. ಒಂದು ಸಂಜೆಯ ಕೆಲಸ. ನಾನು ಬರೆದ ಒಂದು ಪತ್ರ ಹೀಗಿತ್ತು:

"ನಮಸ್ಕಾರ. ನಿಮ್ಮ ಪ್ರಪೋಸಲ್ ಅನ್ನು ನಾವು ಮೂವರು ಓದಿದೆವು. ಈ ವರ್ಷ ಅದಕ್ಕೆ ಜಾಗ ಕೊಡಲು ಆಗಲಿಲ್ಲ. 44 ಬಂದಿದ್ದವು, ಜಾಗ 12. ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಶಾಲೆಗೆ ಕೊಟ್ಟ ನಿಮ್ಮ ಕೆಲಸ ನಮಗೆ ತುಂಬಾ ಹಿಡಿಸಿತು. ಆದರೆ ಬರಹದಲ್ಲಿ ಲಿನಕ್ಸ್ ಎಂದರೇನು ಎಂಬುದೇ ಮುಕ್ಕಾಲು ಭಾಗ ಇತ್ತು, ಶಾಲೆಯಲ್ಲಿ ಏನಾಯಿತು ಎಂಬುದು ಎರಡೇ ಸಾಲು. ಆ ಎರಡು ಸಾಲೇ ನಿಮ್ಮ ಟಾಕ್. ಮಾರ್ಚ್‌ನ ನಮ್ಮ ತಿಂಗಳ ಕೂಟದಲ್ಲಿ ಅದನ್ನು 15 ನಿಮಿಷ ಹೇಳುತ್ತೀರಾ?"

ಇದರಲ್ಲಿ ಸುಳ್ಳು ಹೊಗಳಿಕೆ ಇಲ್ಲ. "ಗುಣಮಟ್ಟದ ಪ್ರಪೋಸಲ್‌ಗಳು ಬಹಳ ಬಂದಿದ್ದರಿಂದ" ಎಂಬ ಸವಕಲು ಸಾಲೂ ಇಲ್ಲ. ಕಾರಣ ಇದೆ, ಮುಂದಿನ ದಾರಿ ಇದೆ. ದಾರಿ ಇಲ್ಲದಿದ್ದರೆ ದಾರಿ ಇದೆ ಎಂದು ಬರೆಯಬೇಡಿ.

ಹೌದು ಎಂಬ ಪತ್ರ ಸುಲಭ. ಹತ್ತು ದಿನದಲ್ಲಿ ಒಪ್ಪಿಗೆ ಕೇಳಿ, ಪ್ರಯಾಣದ ಮಾತು ಮುಗಿಸಿ. ಬದಲಾವಣೆ ಬೇಕಿದ್ದರೆ ಆಗಲೇ ಹೇಳಿ. ಮೊದಲ ಸಲ ಮಾತಾಡುವವರಿಗೆ ಸಮಿತಿಯ ಒಬ್ಬರನ್ನು ಜೊತೆ ಮಾಡಿ. ಜನವರಿಯಲ್ಲಿ ಒಂದು ಸಲ ಪೂರ್ತಿ ಟಾಕನ್ನು ಅವರ ಮುಂದೆ ಹೇಳಲಿ. ಕನ್ನಡ ಸ್ಲೈಡುಗಳನ್ನು ಪಿಡಿಎಫ್ ಮಾಡಿ, ಸಭಾಂಗಣದ ಕಂಪ್ಯೂಟರಿನಲ್ಲೇ ತೆರೆದು ನೋಡಲಿ. ಒತ್ತಕ್ಷರ ಚೆಲ್ಲಾಪಿಲ್ಲಿ ಆಗುವುದು ಯಾವಾಗಲೂ ಟಾಕಿಗೆ ಐದು ನಿಮಿಷ ಮುಂಚೆಯೇ.

ಹಾವೇರಿಯ ಆ ಹುಡುಗನ ಹೆಸರನ್ನು ಬಸ್ ನಿಲ್ದಾಣದಲ್ಲೇ ಬರೆದುಕೊಂಡಿದ್ದೆ. ಎರಡನೇ ವರ್ಷ ಅವನ ಪ್ರಪೋಸಲ್ ಮತ್ತೆ ಬಂತು, ಮತ್ತೆ ಆಗಲಿಲ್ಲ. ಮೇಲಿನ ಪತ್ರ ಅವನಿಗೇ ಬರೆದದ್ದು. ಮಾರ್ಚ್‌ನ ಕೂಟಕ್ಕೆ ಬಂದು 15 ನಿಮಿಷ ಅಂದವನು 40 ನಿಮಿಷ ಮಾತಾಡಿದ. ಶಾಲೆಯ ಏಳು ಕಂಪ್ಯೂಟರಿನ ಪೈಕಿ ಎರಡು ಯಾಕೆ ಕೈಕೊಟ್ಟವು ಎಂಬುದಕ್ಕೇ ಅರ್ಧ ಹೊತ್ತು ಹೋಯಿತು, ಯಾರೂ ಎದ್ದು ಹೋಗಲಿಲ್ಲ. ಈ ಫೆಬ್ರವರಿಯಲ್ಲಿ ಅವನ ಟಾಕ್ ಊಟಕ್ಕೆ ಮುಂಚಿನದಾಗಿತ್ತು. ಮೊನ್ನೆ ಫೋನ್ ಮಾಡಿದ್ದ. ರಾಣೆಬೆನ್ನೂರಿನಲ್ಲಿ ಒಬ್ಬ ಮೇಡಂ ತಮ್ಮ ಶಾಲೆಯ ಹಾಜರಿಗೆ ತಾವೇ ಏನೋ ಮಾಡಿಕೊಂಡಿದ್ದಾರಂತೆ, ಅವರು ತಾನು ಕೇಳಿದರೆ ಒಪ್ಪುತ್ತಿಲ್ಲವಂತೆ. "ನೀವಾ ಒಮ್ಮೆ ಬಂದು ಕರೀರಿ ಅಕ್ಕಾರ" ಎಂದ. ಬರುವ ಭಾನುವಾರ ಇಬ್ಬರೂ ಕೂಡಿ ಹೋಗುತ್ತಿದ್ದೇವೆ.